ಚೀಲ ತೊಳೆದವಳು

ನೀವು ಏನು ಕೆಲಸ ಮಾಡ್ತೀರಿ ಎಂದು ಯಾರಾದರೂ ಕೇಳಿದರೆ ಮಣ್ಣು ಒಣಗಿಸ್ತೀನಿ ಅನ್ನುತ್ತೇನೆ. ನಗುತ್ತಾರೆ. ನಗಲಿ ಬಿಡಿ. ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಒಬ್ಬರದು ಬ್ಯಾಂಕು, ಒಬ್ಬರದು ಕಾಲೇಜು, ನನ್ನ ಗಂಡನದು ಪೀಣ್ಯದ ಕಾರ್ಖಾನೆ. ನನ್ನೊಬ್ಬಳದು ಮಾತ್ರ ಮಣ್ಣು. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಕಟ್ಟಿದವರು ಯಾರೋ ಕಾಣೆ. ಹದಿಮೂರು ವರ್ಷದಿಂದ ನನ್ನ ಕೈ ಕೆಂಪು ಕೆಸರಾಗಿಯೇ ಇದೆ, ಮೊಸರಿಗೆ ಮಾತ್ರ ಇವತ್ತಿಗೂ ನಾನೇ ಹೆಪ್ಪು ಹಾಕಬೇಕು.

ಯಶವಂತಪುರದಿಂದ ಮತ್ತಿಕೆರೆ ಕಡೆಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ಕೆಳಗೆ ಪ್ಲೈವುಡ್ ಅಂಗಡಿ, ಮೇಲಿನ ಮಹಡಿಯಲ್ಲಿ ನಮ್ಮ ಲ್ಯಾಬು. ಅಲ್ಲಿಗೆ ಬರುವುದು ನಿಕಲ್ ಅದಿರು. ನಿಕಲ್ ಎಂದರೆ ಬೆಳ್ಳಗೆ ಹೊಳೆಯುವ ಲೋಹ ಎಂದು ಶಾಲೆಯಲ್ಲಿ ಓದಿದವರು ಇದನ್ನು ನೋಡಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಒದ್ದೆ ಕೆಮ್ಮಣ್ಣು, ಅಷ್ಟೇ. ಪೂರ್ವ ಕರಾವಳಿಯ ಒಂದು ಬಂದರಿನ ಟರ್ಮಿನಲ್‌ನಲ್ಲಿ ಅದನ್ನು ಗುಡ್ಡೆ ಹಾಕಿಟ್ಟು, ಹಡಗಿಗೆ ತುಂಬಿ, ಹೊರದೇಶದ ಕುಲುಮೆಗಳಿಗೆ ಕಳಿಸುತ್ತಾರೆ. ತುಂಬುವ ಮುಂಚೆ ಆ ಮಣ್ಣಿನಲ್ಲಿ ನೀರೆಷ್ಟಿದೆ ಎಂದು ಯಾರಾದರೂ ಬರೆದು ಸಹಿ ಹಾಕಿ ಕೊಡಬೇಕು. ಆ ಸಹಿ ಹಾಕುತ್ತಿದ್ದವಳು ನಾನು. ಸಮುದ್ರದ ಗಾಳಿಯೇ ಸುಳಿಯದ ಈ ಊರಿನಲ್ಲಿ ಕೂತು ನಾನು ಸಹಿ ಹಾಕುವವರೆಗೆ ಅಲ್ಲಿ ಕ್ರೇನು ಅಲ್ಲಾಡುತ್ತಿರಲಿಲ್ಲ.

ನೀರಿನ ಲೆಕ್ಕ ಯಾಕೆ ಅಷ್ಟು ಮುಖ್ಯ ಎಂಬುದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನನ್ನನ್ನು ಒಂದು ವಾರ ಆ ಟರ್ಮಿನಲ್‌ಗೆ ಕಳಿಸಿದ್ದರು. ಅಲ್ಲಿ ನಮ್ಮ ಕಂಪನಿಯ ಪರವಾಗಿ ಗುಡ್ಡೆಯಿಂದ ಸ್ಯಾಂಪಲ್ ತೆಗೆದು ಕಳಿಸುವವರು ಬಳ್ಳಾರಿ ಕಡೆಯ ಒಬ್ಬ ಹಿರಿಯರು. ವಯಸ್ಸಿನಲ್ಲಿ ನನ್ನ ಅಪ್ಪನಷ್ಟು. ಗಣಿಗಳಲ್ಲಿ ದುಡಿದು ದುಡಿದು ಬಂದರಿಗೆ ಬಂದು ನಿಂತವರು. ಮೊದಲ ದಿನವೇ ಅವರು ನನ್ನನ್ನು ಮೂರು ಮಹಡಿಯಷ್ಟು ಎತ್ತರದ ಗುಡ್ಡೆಯ ಮೇಲೆ ಹತ್ತಿಸಿದರು. ಮೇಲೆ ಬಿಸಿಲಿಗೆ ಮಣ್ಣು ಬಿರಿದು ಹಪ್ಪಳವಾಗಿತ್ತು. ಒಣಗಿದೆಯಲ್ಲ ಎಂದೆ. ಅವರು ಸಲಿಕೆಯಲ್ಲಿ ಮೊಣಕಾಲುದ್ದ ತೋಡಿದರು. ಒಳಗಿನ ಮಣ್ಣು ಕೈಗೆ ಅಂಟಿತು. ಮೇಲಿನ ಮಣ್ಣು ತೆಗೆದು ಕಳಿಸುವವನು ಕಳ್ಳ ಎಂದರು, ಅಷ್ಟೇ ಅವರ ಪಾಠ.

ಆಮೇಲೆ ಒಂದು ತಗಡಿನ ಡಬ್ಬಿ ತಂದು ಅದರಲ್ಲಿ ಅರ್ಧದಷ್ಟು ಅದಿರು ತುಂಬಿ, ಗೇಣುದ್ದ ಎತ್ತರದಿಂದ ಕಾಂಕ್ರೀಟಿನ ಮೇಲೆ ಕುಕ್ಕತೊಡಗಿದರು. ನಮ್ಮೂರಲ್ಲಿ ಸೇರಿನಲ್ಲಿ ಜೋಳ ಅಳೆಯುವಾಗ ಕುಕ್ಕುತ್ತಾರಲ್ಲ, ಹಾಗೆ. ಇಪ್ಪತ್ತೈದು ಸಲ ಕುಕ್ಕಬೇಕಂತೆ. ಕಾಳಾದರೆ ಕುಕ್ಕಿದಷ್ಟೂ ಗಟ್ಟಿಯಾಗಿ ಕೂರುತ್ತದೆ. ಇದು ಹಾಗಲ್ಲ. ಹದಿನೈದನೇ ಸಲಕ್ಕೆ ಮಣ್ಣಿನ ಮೇಲ್ಮೈ ಮಿನುಗಿತು, ಇಪ್ಪತ್ತಕ್ಕೆ ನೀರು ಮೇಲೆ ನಿಂತಿತು, ಇಪ್ಪತ್ತೈದಕ್ಕೆ ಡಬ್ಬಿ ಓರೆ ಮಾಡಿದರೆ ಒಳಗಿದ್ದದ್ದೆಲ್ಲ ಅಂಬಲಿಯ ಹಾಗೆ ಒಂದು ಪಕ್ಕಕ್ಕೆ ಜಾರಿಬಿಟ್ಟಿತು.

“ಹಡಗಂದ್ರ ಏನಮ್ಮಾ, ಇದಾ ಡಬ್ಬಿ, ದೊಡ್ಡದು,” ಎಂದರು. “ಸಮುದ್ರ ಹಗಲೂ ರಾತ್ರಿ ಕುಕ್ಕತೈತಿ. ಒಳಗ ಮಣ್ಣು ಒಂದು ಮಗ್ಗಲಿಗೆ ಹೋತು ಅಂದ್ರ ಹಡಗೂ ಅದಾ ಮಗ್ಗಲಿಗೆ ಮಲಗತೈತಿ. ಮಲಗಿದ್ದು ಏಳಂಗಿಲ್ಲ. ದೋಣಿ ಇಳಿಸಾಕೂ ಟೈಮ್ ಸಿಗಂಗಿಲ್ಲ.”

ಎದುರಿಗೇ ಒಂದು ಹಡಗು ನಿಂತಿತ್ತು. ಅದರ ಅಂಚಿನಲ್ಲಿ ಯಾರೋ ಒಬ್ಬ ಬನಿಯನ್ ಹಿಂಡಿ ಹಗ್ಗಕ್ಕೆ ಒಣಹಾಕುತ್ತಿದ್ದ. ಒಳಗೆ ಎಷ್ಟು ಜನ ಎಂದು ಕೇಳಿದೆ. ಅಡುಗೆಯವನೂ ಸೇರಿ ಇಪ್ಪತ್ತೆರಡು ಎಂದರು. ಅವತ್ತಿನಿಂದ ನಾನು ವರದಿಗೆ ಸಹಿ ಹಾಕುವಾಗಲೆಲ್ಲ ಆ ಬನಿಯನ್ ಕಣ್ಣಿಗೆ ಬರುತ್ತಿತ್ತು. ಇಷ್ಟೆಲ್ಲ ಗೊತ್ತಿದ್ದವಳು ತಪ್ಪು ಮಾಡಿದಳು ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ಬಂದರಿನಿಂದ ಸ್ಯಾಂಪಲ್ಲು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಐದೈದು ಕೆಜಿಯ ಎರಡು ಚೀಲ. ಒಂದನ್ನು ಒಡೆದು ಪರೀಕ್ಷೆ ಮಾಡಬೇಕು. ಇನ್ನೊಂದನ್ನು ಸೀಲು ಒಡೆಯದೆ ಇಟ್ಟುಕೊಳ್ಳಬೇಕು, ಮುಂದೆ ತಕರಾರು ಬಂದರೆ ಸಾಕ್ಷಿಗೆ. ಪರೀಕ್ಷೆ ಎಂದರೆ ದೊಡ್ಡ ವಿದ್ಯೆಯೇನಲ್ಲ. ಒದ್ದೆ ಮಣ್ಣನ್ನು ತೂಗು, ಓವನ್ನಿನಲ್ಲಿ ಪೂರ್ತಿ ಒಣಗಿಸು, ಮತ್ತೆ ತೂಗು. ಎಷ್ಟು ಇಳಿಯಿತೋ ಅಷ್ಟು ನೀರು.

ಇನ್ನು ಚೀಲದ ವಿಷಯ. ನಮ್ಮ ಮನೆಯಲ್ಲಿ ಒಳ್ಳೆಯ ಪ್ಲಾಸ್ಟಿಕ್ ಚೀಲ ಬಿಸಾಡಿದವರು ಯಾರೂ ಇಲ್ಲ. ಬಾಗಲಕೋಟೆ ಕಡೆಯ ನನ್ನ ಅತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ. ಅವರ ರಾಜ್ಯದಲ್ಲಿ ಹಾಲಿನ ಕವರು ಕೂಡ ತೊಳೆದು, ಒಳಹೊರಗು ಮಾಡಿ, ಕಿಟಕಿಯ ಸರಳಿಗೆ ಕ್ಲಿಪ್ಪು ಹಾಕಿ ಒಣಗಿಸುವ ವಸ್ತು. ಅವರೊಬ್ಬರೇ ಏನು, ಈ ಊರಿನ ಯಾವ ಮನೆಯ ಅಡುಗೆಮನೆ ಕಿಟಕಿ ನೋಡಿದರೂ ಅದೇ ತೋರಣ. ಅದೇ ಚಾಳಿ ನನಗೂ ಅಂಟಿತ್ತು. ಲ್ಯಾಬಿನಲ್ಲಿ ಚೀಲದ ಮಣ್ಣನ್ನು ತಟ್ಟೆಗೆ ಸುರಿದ ಮರುಕ್ಷಣ ಖಾಲಿ ಚೀಲವನ್ನು ನಲ್ಲಿಗೆ ಹಿಡಿಯುತ್ತಿದ್ದೆ. ಚೆನ್ನಾಗಿ ತೊಳೆದು ಬಾಲ್ಕನಿಯ ತಂತಿಗೆ ನೇತುಹಾಕುತ್ತಿದ್ದೆ. ಒಣಗಿದ ಚೀಲಗಳನ್ನು ಕಟ್ಟು ಕಟ್ಟಿ ಬಂದರಿಗೆ ವಾಪಸ್ ಕಳಿಸಿದರೆ ಮುಂದಿನ ಸ್ಯಾಂಪಲ್ಲಿಗೆ ಆಯಿತು.

ಲ್ಯಾಬಿನ ಉಸ್ತುವಾರಿ ನೋಡಿಕೊಳ್ಳುವ ನಮ್ಮ ಸರ್‌ಗೆ ಇದು ಬಹಳ ಹಿಡಿಸಿತ್ತು. ಆರ್.ಟಿ. ನಗರದವರು, ಮಾತಿನಲ್ಲಿ ಬೆಣ್ಣೆ, ಕೈಯಲ್ಲಿ ಸದಾ ಫೋನು. ಹೊಸಬರು ಬಂದಾಗಲೆಲ್ಲ ಬಾಲ್ಕನಿಗೆ ಕರೆದುಕೊಂಡು ಹೋಗಿ ನನ್ನ ಚೀಲಗಳನ್ನು ತೋರಿಸಿ, ನೋಡಿ ಕಲೀರಿ, ಅಚ್ಚುಕಟ್ಟು ಅಂದ್ರೆ ಇದು ಅನ್ನುತ್ತಿದ್ದರು. ನಾನೂ ಉಬ್ಬುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ನಿಯಮದ ಫೈಲಿನಲ್ಲಿ ಬೇರೆಯೇ ಬರೆದಿತ್ತು. ಚೀಲದ ಸಮೇತ ತೂಗಬೇಕು, ಚೀಲದ ಒಳಮೈಗೆ ಅಂಟಿದ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು. ನಾನು ಅದನ್ನು ಓದಿರಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಓದಿದ್ದೆ. ಚೀಲಕ್ಕೆ ಎಷ್ಟು ಮಹಾ ಅಂಟೀತು ಎಂದುಕೊಂಡಿದ್ದೆ. ಬೇಸಿಗೆಯ ಅದಿರು ಹೇಗೂ ಒಣಗಿರುತ್ತಿತ್ತು, ಮಿತಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಯಾರೂ ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ಎರಡು ಮಳೆಗಾಲದ ಹಿಂದಿನ ಮಾತು. ಬಂದರಿನಲ್ಲಿ ಅಕಾಲದಲ್ಲಿ ಮಳೆ ಹೊಡೆದು ಗುಡ್ಡೆಯ ಟಾರ್ಪಾಲು ಹಾರಿಹೋಗಿತ್ತು. ಹಡಗು ಆಗಲೇ ಬಂದು ನಿಂತಿತ್ತು. ಅದಿರಿನ ಕಂಪನಿಯವರು ದಿನಕ್ಕೆ ನಾಲ್ಕು ಸಲ ನಮ್ಮ ಸರ್‌ಗೆ ಫೋನು ಮಾಡುತ್ತಿದ್ದರು. ಆ ಅದಿರಿಗೆ ನೀರಿನ ಮಿತಿ ಶೇಕಡಾ ಮೂವತ್ತಮೂರು. ಮಿತಿ ದಾಟಿದರೆ ಹಡಗಿಗೆ ಹಾಕುವಂತಿಲ್ಲ. ಚೀಲಗಳು ರೈಲು ಪಾರ್ಸೆಲ್ಲಿನಲ್ಲಿ ಯಶವಂತಪುರಕ್ಕೆ ಬಂದು ಇಳಿದವು. ಪರೀಕ್ಷೆ ಮಾಡಿದೆ. ಮೂವತ್ತೆರಡು ಪಾಯಿಂಟ್ ನಾಲ್ಕು ಬಂತು. ಶನಿವಾರ ಮಧ್ಯಾಹ್ನ ಸಹಿ ಹಾಕಿದೆ. ಸರ್ ನನ್ನ ಮೇಜಿನ ಹತ್ತಿರ ಬಂದು ದೇವ್ರು ದೊಡ್ಡೋನು ಎಂದರು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ತುಂಬುವುದು ಎಂದು ಗೊತ್ತಾಯಿತು. ಅಷ್ಟರಲ್ಲಿ ಚೀಲ ತಂತಿಯ ಮೇಲೆ ಒಣಗಿಯೂ ಆಗಿತ್ತು.

ಭಾನುವಾರ ಬೆಳಿಗ್ಗೆ ಅತ್ತೆ ಹಾಲು ಕಾಯಿಸುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಅವರು ಕವರಿನ ಹಾಲನ್ನು ಪಾತ್ರೆಗೆ ಸುರಿದರು. ಆಮೇಲೆ ಖಾಲಿ ಕವರಿಗೆ ಒಂದು ಗುಟುಕು ನೀರು ಹಾಕಿ, ಬಾಯಿ ಮುಚ್ಚಿ ಅಲ್ಲಾಡಿಸಿ, ಆ ಬಿಳಿ ನೀರನ್ನೂ ಪಾತ್ರೆಗೇ ಸುರಿದರು. ದಿನಾ ಮಾಡುವುದೇ. ಅವತ್ತು ನನಗೆ ಯಾಕೆ ಛೇಡಿಸಬೇಕು ಅನ್ನಿಸಿತೋ, ಒಂದು ಹನಿ ಹಾಲಿಗೆ ಇಷ್ಟು ಒದ್ದಾಡ್ತೀರಲ್ಲ ಎಂದೆ.

“ಚೀಲಕ್ಕ ಹತ್ತಿದ್ದೂ ಹಾಲ ಐತಿ,” ಎಂದರು ಅತ್ತೆ. “ಅದನ್ನ ಯಾಕ ಬಚ್ಚಲಕ್ಕ ಬಿಡ್ಲಿ?”

ನನ್ನ ಕೈಯಲ್ಲಿದ್ದ ಸೊಪ್ಪು ಹಾಗೇ ಉಳಿಯಿತು. ಶುಕ್ರವಾರ ನಾನು ಚೀಲ ಒಡೆದಾಗ ಅದರ ಒಳಮೈ ತುಂಬಾ ನೀರಿನ ಹನಿಗಳಿದ್ದವು. ಬಂದರಿನ ಸೆಕೆಯಲ್ಲಿ ಕಟ್ಟಿದ ಚೀಲ ಬೆಂಗಳೂರಿನ ತಂಪಿಗೆ ಬಂದು ಬೆವರಿತ್ತು. ಆ ಹನಿಗಳು ನಲ್ಲಿಯ ನೀರಲ್ಲ, ಗಾಳಿಯ ನೀರಲ್ಲ, ಆ ಮಣ್ಣಿನದೇ ನೀರು. ನಾನು ಅದನ್ನು ಬಚ್ಚಲಿಗೆ ಬಿಟ್ಟು, ಮೇಲೆ ಸೋಪು ಹಾಕಿ ಉಜ್ಜಿ, ಅಚ್ಚುಕಟ್ಟಾಗಿ ಒಣಹಾಕಿ, ಉಳಿದದ್ದಕ್ಕೆ ಸಹಿ ಮಾಡಿದ್ದೆ.

ತಿಂಡಿ ತಿನ್ನದೆ ಹೊರಟೆ. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ ಯಶವಂತಪುರದಲ್ಲಿ ಇಳಿಯುವವರೆಗೆ ನನ್ನನ್ನು ನಾನೇ ಬೈದುಕೊಂಡೆ. ನನ್ನ ಹತ್ತಿರ ಲ್ಯಾಬಿನ ಬೀಗದಕೈ ಇತ್ತು. ಸಾಕ್ಷಿಗೆಂದು ಇಟ್ಟಿದ್ದ ಎರಡನೇ ಚೀಲವನ್ನು ಹೊರತೆಗೆದೆ. ಅದರ ಒಳಮೈಯೂ ಬೆವರಿ ನೀರು ಸುರಿಯುತ್ತಿತ್ತು. ಈ ಸಲ ಚೀಲದ ಸಮೇತ ತೂಗಿದೆ. ಮಣ್ಣನ್ನು ತಟ್ಟೆಗೆ ಸುರಿದು ಓವನ್ನಿಗೆ ಇಟ್ಟೆ. ಒದ್ದೆ ಚೀಲವನ್ನು ಬೇರೆ ತೂಗಿ, ಬಿಸಿಲಿಗೆ ಬಿಚ್ಚಿ ಹರಡಿ, ಒಣಗಿದ ಮೇಲೆ ಮತ್ತೆ ತೂಗಿದೆ. ಅರವತ್ತು ಗ್ರಾಂ ಇಳಿದಿತ್ತು. ಪಕ್ಕದ ದರ್ಶಿನಿಯಲ್ಲಿ ಬೈ-ಟು ಕಾಫಿ ಕೊಡುವ ಲೋಟಕ್ಕೆ ಸುರಿದರೆ ಲೋಟ ತುಂಬುವಷ್ಟು ನೀರು. ಐದು ಕೆಜಿಗೆ ಒಂದು ಲೋಟ. ಹಡಗಿನಲ್ಲಿ ಐದು ಕೆಜಿಗಳು ಎಷ್ಟೋ ಸಾವಿರ, ಎಷ್ಟೋ ಲಕ್ಷ. ಮಣ್ಣು ಒಣಗುವುದಕ್ಕೆ ಸೋಮವಾರ ಬೆಳಗಾಗಬೇಕಿತ್ತು, ಆದರೆ ಉತ್ತರ ಏನು ಬರುತ್ತದೆಂದು ಆಗಲೇ ಗೊತ್ತಾಗಿತ್ತು.

ಸರ್‌ಗೆ ಫೋನು ಮಾಡಿದೆ. ಹೆಬ್ಬಾಳದಲ್ಲಿ ನೆಂಟರ ಮನೆಯ ನಾಮಕರಣದಲ್ಲಿದ್ದರು. ಹಿಂದೆ ಎಲೆ ಹಾಕುವ ಗಲಾಟೆ ಕೇಳುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಊಟಕ್ಕೆ ಕೂತಿದೀನಿ, ನಾಳೆ ನೋಡೋಣ, ಅಲ್ಲೀತನಕ ಯಾರ ಹತ್ರನೂ ಬಾಯಿ ಬಿಡ್ಬೇಡ ಎಂದು ಇಟ್ಟುಬಿಟ್ಟರು. ನಾನು ಮರುನಿಮಿಷವೇ ಬಂದರಿನ ಹಿರಿಯರಿಗೆ ಫೋನು ಮಾಡಿ ಬಾಯಿ ಬಿಟ್ಟೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ತಡಿಯಮ್ಮಾ ಎಂದು ಡಬ್ಬಿ ತೆಗೆದುಕೊಂಡು ಗುಡ್ಡೆಗೆ ಹೋದರು. ಫೋನನ್ನು ಮಗ್ಗುಲಿಗೇ ಇಟ್ಟುಕೊಂಡು ಕುಕ್ಕಿದರು. ಯಶವಂತಪುರದ ಲ್ಯಾಬಿನಲ್ಲಿ ಕೂತು ನಾನು ಒಂದೊಂದು ಸದ್ದನ್ನೂ ಎಣಿಸಿದೆ. ಹತ್ತೊಂಬತ್ತಕ್ಕೆ ನಿಂತಿತು. ಇಪ್ಪತ್ತೈದು ಬೇಡ, ಆಗಲೇ ನೀರು ಮೇಲೆ ಬಂದೈತಿ ಎಂದರು. ಗುಡ್ಡೆಯ ಇನ್ನೂ ಎರಡು ಕಡೆ ತೋಡಿ ನೋಡಿದರಂತೆ, ಎಲ್ಲ ಕಡೆಯೂ ಅದೇ. ಟರ್ಮಿನಲ್‌ನವರಿಗೆ ಹೇಳಲು ಹೋದರು. ಡಬ್ಬಿಯನ್ನು ಯಾರು ಕೇಳುತ್ತಾರೆ? ಲ್ಯಾಬಿನ ವರದಿಯಲ್ಲಿ ಮೂವತ್ತೆರಡು ಪಾಯಿಂಟ್ ನಾಲ್ಕು ಎಂದು ಸಹಿ ಆಗಿದೆ, ನಮಗೆ ಅದೇ ಪ್ರಮಾಣ ಎಂದು ಅವರನ್ನು ಸಾಗಹಾಕಿದರು. ಅದು ಸರಿಯೇ. ನನ್ನ ಕಾಗದವನ್ನು ತಡೆಯಬೇಕೆಂದರೆ ನನ್ನ ಇನ್ನೊಂದು ಕಾಗದವೇ ಬೇಕಿತ್ತು.

ಸೋಮವಾರ ಏಳೂವರೆಗೆ ಲ್ಯಾಬು ತೆರೆದೆ. ತಟ್ಟೆ ತೂಗಿದೆ. ಚೀಲದ ಅರವತ್ತು ಗ್ರಾಂ ಸೇರಿಸಿದರೆ ಮೂವತ್ತಮೂರು ಪಾಯಿಂಟ್ ಎರಡು. ಮತ್ತೆ ಓವನ್ನಿಗೆ ಇಟ್ಟು, ಮತ್ತೆ ತೂಗಿದೆ. ಅದೇ. ಸರ್ ಬರುವಾಗ ಒಂಬತ್ತೂಕಾಲು.

ಅವರು ಮೊದಲು ನಕ್ಕರು. ಕುರ್ಚಿ ಎಳೆದು ನನ್ನನ್ನು ಕೂರಿಸಿ, ತಂಗಿಗೆ ಬುದ್ಧಿ ಹೇಳುವವರ ಹಾಗೆ ಶುರುಮಾಡಿದರು. ಸಮುದ್ರ ಈಗ ಶಾಂತವಾಗಿದೆ ಎಂದರು. ಮಿತಿ ಅನ್ನುವುದನ್ನೇ ಸ್ವಲ್ಪ ಕಮ್ಮಿ ಮಾಡಿ ಇಟ್ಟಿರುತ್ತಾರೆ ಎಂದರು. ಇದೇ ಗುಡ್ಡೆಯಿಂದ ಎಷ್ಟು ಹಡಗು ಹೋಗಿಲ್ಲ, ಯಾವುದಾದರೂ ಮುಳುಗಿತಾ ಎಂದರು. ಕೊನೆಗೆ ಪಾಯಿಂಟ್ ಎರಡಕ್ಕೆ ಬಂದು ನಿಂತರು.

“ಪಾಯಿಂಟ್ ಎರಡಕ್ಕೆ ಯಾರಾದ್ರೂ ಹಡಗು ನಿಲ್ಲಿಸ್ತಾರೇನಮ್ಮಾ?”

“ನಿಲ್ಲಿಸ್ಬೇಕು ಅಂತಾನೇ ಅಲ್ವಾ ಸರ್, ಮಿತಿ ಅಂತ ಒಂದು ಇಟ್ಟಿರೋದು?” ಎಂದೆ.

ಬೆಣ್ಣೆ ಕರಗಿತು. ನಿನಗೆ ತಲೆ ಸರಿ ಇದೆಯಾ, ಕೊಟ್ಟ ವರದಿಯನ್ನು ನಾವೇ ವಾಪಸ್ ತಗೊಂಡರೆ ಮುಂದೆ ಈ ಲ್ಯಾಬಿಗೆ ಯಾವ ನಾಯಿ ಕೆಲಸ ಕೊಡುತ್ತದೆ ಎಂದು ಕೂಗಾಡಿದರು. ನಾನು ಗಡಿಯಾರ ನೋಡುತ್ತಾ ಕೂತಿದ್ದೆ. ಒಂಬತ್ತೂವರೆ ಆಗಿತ್ತು. ಗಡಿಯಾರದ ಮೇಲೆ ನನ್ನ ಕಣ್ಣಿದ್ದದ್ದು ಅವರಿಗೂ ಕಂಡಿತು. ಆಗ ದನಿ ಇಳಿಸಿ ಒಂದು ದಾರಿ ತೋರಿಸಿದರು. ಹಡಗು ನಿಲ್ಲಿಸಲೇಬೇಕು ಎಂದಾದರೆ ನಿಲ್ಲಿಸೋಣ. ಆದರೆ ತಪ್ಪು ಲ್ಯಾಬಿನದು ಎಂದು ಬರೆಯುವುದು ಬೇಡ. ಬಂದರಿನ ಆ ಮುದುಕ ಚೀಲದ ಬಾಯಿ ಸಡಿಲ ಕಟ್ಟಿದ್ದ, ದಾರಿಯಲ್ಲಿ ನೀರು ಆರಿಹೋಗಿತ್ತು ಎಂದು ಬರೆ. ನಿನಗೂ ತೊಂದರೆಯಿಲ್ಲ, ಲ್ಯಾಬಿಗೂ ತೊಂದರೆಯಿಲ್ಲ. ಅವನದು ಹೇಗೂ ಇನ್ನೊಂದು ವರ್ಷಕ್ಕೆ ನಿವೃತ್ತಿ.

ನಾನು ಹೇಳುತ್ತೇನೆ ಕೇಳಿ, ಆ ಮಾತು ಒಂದು ಕ್ಷಣ ನನಗೆ ಹಿತವಾಯಿತು. ಒಂದೇ ಕ್ಷಣ. ಹಡಗೂ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಹನ್ನೊಂದು ವರ್ಷದ ಕೆಲಸ, ಬಾಲ್ಕನಿಗೆ ಕರೆದುಕೊಂಡು ಹೋಗಿ ತೋರಿಸುವ ಅಚ್ಚುಕಟ್ಟು, ಎಲ್ಲ ಉಳಿಯುತ್ತದೆ. ಆಮೇಲೆ ಆ ಫೋನಿನಲ್ಲಿ ಕೇಳಿದ ಹತ್ತೊಂಬತ್ತು ಸದ್ದು ನೆನಪಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ತಾನೆ? ಮೊಣಕಾಲುದ್ದ ತೋಡದೆ ಒಂದು ಹಿಡಿ ಮಣ್ಣು ತೆಗೆಯದ ಮನುಷ್ಯ ಅವರು.

“ಚೀಲ ಅವ್ರು ಸರಿಯಾಗೇ ಕಟ್ಟಿದ್ರು ಸರ್. ತೊಳೆದವಳು ನಾನು.”

“ಹಂಗಂತ ಬರೀತೀಯಾ?”

“ಹಂಗಂತಾನೇ ಬರೀತೀನಿ.”

ಬರೆದೆ. ಅವರು ನನ್ನ ಹಿಂದೆಯೇ ನಿಂತಿದ್ದರು, ಅವರ ಉಸಿರು ಕೇಳುತ್ತಿತ್ತು. ಇಂಗ್ಲಿಷಿನಲ್ಲಿ ಬರೆದದ್ದು. ಕನ್ನಡದಲ್ಲಿ ಹೇಳಬೇಕೆಂದರೆ ಇಷ್ಟು: ಶನಿವಾರ ನಾನು ಕೊಟ್ಟ ವರದಿ ತಪ್ಪು, ಅದನ್ನು ಹಿಂತೆಗೆದುಕೊಂಡಿದ್ದೇನೆ. ಚೀಲದ ಒಳಗಿನ ನೀರನ್ನು ತೂಗದೆ ತೊಳೆದು ಚೆಲ್ಲಿದವಳು ನಾನು. ಸ್ಯಾಂಪಲ್ ತೆಗೆದವರ ತಪ್ಪಿಲ್ಲ. ಎರಡನೇ ಚೀಲದ ಪ್ರಕಾರ ಅದಿರು ಮಿತಿ ದಾಟಿದೆ, ಹಡಗಿಗೆ ತುಂಬಬಾರದು. ಹಿಂದೆಯೂ ಇದೇ ರೂಢಿಯಲ್ಲಿ ಪರೀಕ್ಷೆ ಮಾಡಿದ್ದೇನೆ, ಆ ವರದಿಗಳನ್ನೂ ಮತ್ತೆ ನೋಡಬೇಕು. ಕೆಳಗೆ ಸಹಿ ಹಾಕಿ, ಅದಿರಿನ ಕಂಪನಿಗೆ, ಟರ್ಮಿನಲ್‌ಗೆ, ಹಡಗಿನ ಕ್ಯಾಪ್ಟನ್‌ಗೆ ಮೂವರಿಗೂ ಒಟ್ಟಿಗೆ ಕಳಿಸಿದೆ. ಸಹಿಯ ಅಧಿಕಾರ ನನಗಿತ್ತು, ಕಳಿಸುವ ಅಧಿಕಾರವೂ ನನಗಿತ್ತು. ಹಳೇ ಹಡಗುಗಳ ವಿಷಯ ಯಾಕೆ ಎತ್ತಿದೆ ಎಂದು ಸರ್ ತಲೆ ಮೇಲೆ ಕೈ ಹೊತ್ತರು. ಎತ್ತಬೇಕಿತ್ತು, ಎತ್ತಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನ ಮಾನ ಒಂದು ಲೋಟ ನೀರಿಗೆ ಹೋಗಿತ್ತು, ಅದನ್ನು ಮುಚ್ಚಿಟ್ಟು ಉಳಿಸಿಕೊಳ್ಳುವ ಆಸೆ ನನಗಿರಲಿಲ್ಲ.

ಅಲ್ಲಿ ಆಗಲೇ ಕ್ರೇನು ನಾಲ್ಕು ಬೊಗಸೆ ಅದಿರನ್ನು ಹಡಗಿನ ಹೊಟ್ಟೆಗೆ ಹಾಕಿತ್ತಂತೆ. ಕ್ಯಾಪ್ಟನ್ ತಾನೇ ಕೆಳಗಿಳಿದು ಬಂದು ಕೈ ಎತ್ತಿ ನಿಲ್ಲಿಸಿದ ಎಂದು ಹಿರಿಯರು ಫೋನಿನಲ್ಲಿ ಹೇಳಿದರು. ಹಾಕಿದ್ದನ್ನು ಮತ್ತೆ ಎತ್ತಿ ಹೊರಗೆ ಸುರಿದರು. ಗುಡ್ಡೆಯನ್ನು ಒಡೆದು ಅಂಗಳದ ತುಂಬ ಹರಡಿ, ಬಿಸಿಲಿಗೆ ಒಣಗಿಸಿ, ಬೇರೆ ಲ್ಯಾಬಿನವರನ್ನು ಕರೆಸಿ ಪರೀಕ್ಷೆ ಮಾಡಿಸಿದರು. ಹಡಗು ಹನ್ನೊಂದು ದಿನ ತಡವಾಗಿ ಹೊರಟಿತು. ಹಳೆಯ ವರದಿಗಳನ್ನು ನಾನೇ ಕೂತು ಒಂದೊಂದಾಗಿ ನೋಡಿದೆ. ಚೀಲದ ಲೆಕ್ಕ ಸೇರಿಸಿದರೂ ಯಾವುದೂ ಮಿತಿ ಮುಟ್ಟುತ್ತಿರಲಿಲ್ಲ. ಅದು ನನ್ನ ಜಾಣತನದಿಂದಲ್ಲ, ಬೇಸಿಗೆಯ ಪುಣ್ಯದಿಂದ.

ಅದಿರಿನ ಕಂಪನಿ ನಮ್ಮನ್ನು ಬಿಟ್ಟು ಬೇರೆಯವರ ಹತ್ತಿರ ಹೋಯಿತು. ಆ ವಾರವೇ ನನ್ನ ಸಹಿಯ ಅಧಿಕಾರ ಕಿತ್ತುಕೊಂಡು ಕೆಳಗೆ ಮೆಟ್ಟಿಲ ಬುಡದಲ್ಲಿ ಪಾರ್ಸೆಲ್ ಇಸಿದುಕೊಳ್ಳುವ ಮೇಜಿಗೆ ಹಾಕಿದರು. ಮಾಡಿದ್ದುಣ್ಣೋ ಮಹಾರಾಯ ಎಂದು ಒಬ್ಬರು ಎದುರಿಗೇ ಅಂದರು. ಉಂಡೆ. ತಪ್ಪು ಮಾಡಿದ್ದಕ್ಕೆ ಹಾಕಿದ್ದರೆ ತಲೆ ತಗ್ಗಿಸಿ ಕೂರುತ್ತಿದ್ದೆ. ತಪ್ಪು ಒಪ್ಪಿಕೊಂಡದ್ದಕ್ಕೆ ಹಾಕಿದ್ದು, ಅದಕ್ಕೇ ತಲೆ ಎತ್ತಿಕೊಂಡೇ ಕೂತೆ. ಅತ್ತೆಗೆ ಎಲ್ಲ ಹೇಳಿದಾಗ ಅವರು ಊಟಕ್ಕ ಏಳು ಎಂದರು. ಅವತ್ತು ರೊಟ್ಟಿಯ ಮೇಲೆ ಬೆಣ್ಣೆ ಸ್ವಲ್ಪ ಜಾಸ್ತಿ ಇತ್ತು.

ತಿಂಗಳಾದ ಮೇಲೆ ಸರ್ ನನ್ನ ಮೇಜಿನ ಹತ್ತಿರ ಬಂದು ನಿಂತರು. ಆ ಹಡಗು ಸುಖವಾಗಿ ಹೋಗಿ ಸೇರಿದೆ, ಅದರಲ್ಲಿದ್ದವರೆಲ್ಲ ಆರಾಮಾಗಿದ್ದಾರೆ, ನೀನು ಸುಮ್ಮನೆ ಗಲಾಟೆ ಮಾಡಿದೆ, ಏನೂ ಆಗಲಿಲ್ಲವಲ್ಲ ಎಂದರು. ಏನೂ ಆಗದಿರಲಿ ಅಂತಾನೇ ಬರೆದದ್ದು ಸರ್ ಎಂದೆ. ಅವರು ಮೆಟ್ಟಿಲು ಹತ್ತಿ ಹೋದರು.

ಪಾರ್ಸೆಲ್ಲಿನ ಮೇಜಿನಲ್ಲಿ ನನಗೆ ಸಿಕ್ಕ ಅಧಿಕಾರ ಒಂದೇ, ಒಂದು ತಕ್ಕಡಿ ಮತ್ತು ಒಂದು ರಿಜಿಸ್ಟರು. ಬಂದ ಪ್ರತಿ ಚೀಲವನ್ನೂ ಒಡೆಯುವ ಮುಂಚೆ ತೂಗಿ, ತೂಕವನ್ನು ಕೆಂಪು ಶಾಯಿಯಲ್ಲಿ ಚೀಲದ ಮೇಲೆಯೇ ಬರೆಯುತ್ತೇನೆ. ಮೇಲಿನವರು ಲೆಕ್ಕ ತಪ್ಪಿಸಬೇಕೆಂದರೂ ಆಗಬಾರದು. ಮೊದಲು ಗೊಣಗಿದರು. ಬಾಲ್ಕನಿಯ ತಂತಿಯನ್ನು ನಾನೇ ಬಿಚ್ಚಿ ಹಾಕಿದಾಗ ಇನ್ನೂ ಗೊಣಗಿದರು. ಗೊಣಗಲಿ ಎಂದು ಬಿಟ್ಟೆ.

ಈ ವರ್ಷ ಲ್ಯಾಬಿಗೆ ಮಾನ್ಯತೆ ಕೊಡುವವರು ತಪಾಸಣೆಗೆ ಬರುವ ದಿನ ಹತ್ತಿರವಾಯಿತು. ನನ್ನ ಜಾಗಕ್ಕೆ ಬಂದಿದ್ದವರು ಬಿಟ್ಟುಹೋಗಿದ್ದರು, ನಿಕಲ್ ಅದಿರಿಗೆ ಸಹಿ ಹಾಕಬಲ್ಲವರು ಬೇರೆ ಯಾರೂ ಇರಲಿಲ್ಲ. ಸರ್ ನನ್ನನ್ನು ಮೇಲೆ ಕರೆಸಿದರು. ನನ್ನ ಹಳೆಯ ಮೇಜನ್ನು ಒರೆಸಿಟ್ಟಿದ್ದರು, ಅದರ ಮೇಲೆ ಆ ಹಡಗಿನ ಫೈಲು ಬಿಚ್ಚಿತ್ತು. ಕಾಫಿ ತರಿಸಿದರು. ಅದೇ ಸಣ್ಣ ಲೋಟ. ಆದದ್ದು ಆಗಿಹೋಯಿತು, ನನಗೂ ಆಗ ಕೋಪ ಬಂದಿತ್ತು, ನಿನ್ನಷ್ಟು ಕೈ ಪಳಗಿದವರು ಇಲ್ಲಿ ಯಾರೂ ಇಲ್ಲ ಎಂದರು. ಆ ಮಾತು ನಿಜವೇ ಇದ್ದೀತು. ನನಗೂ ಆ ಮೇಜಿನ ಮೇಲೆ ಆಸೆ ಇರಲಿಲ್ಲ ಎಂದಲ್ಲ. ಬಹಳ ಇತ್ತು.

ಆಮೇಲೆ ಫೈಲನ್ನು ನನ್ನ ಕಡೆಗೆ ತಿರುಗಿಸಿ, ನನ್ನ ಪತ್ರದ ಮೇಲೆ ಬೆರಳಿಟ್ಟರು.

“ತಪಾಸಣೆಯವ್ರು ಇದನ್ನ ನೋಡಿದ್ರೆ ನೂರು ಪ್ರಶ್ನೆ ಕೇಳ್ತಾರೆ. ಇದೊಂದು ಕಾಗದ ತೆಗೆದುಬಿಡೋಣ. ಶನಿವಾರದ ವರದಿನೂ ತೆಗೆಯೋಣ, ಎರಡೂ ಇರೋದೇ ಬೇಡ. ನಾಳೆಯಿಂದ ಸಹಿ ಮತ್ತೆ ನಿಂದೇ.”

ಎರಡೂ ಇರಲಿ ಸರ್ ಎಂದು ಫೈಲನ್ನು ಮುಚ್ಚಿ ಅವರ ಕಡೆಗೆ ತಳ್ಳಿ, ಕೆಳಗಿಳಿದು ಬಂದು, ಆಗಷ್ಟೇ ಬಂದಿಳಿದ ಚೀಲವನ್ನು ತಕ್ಕಡಿಗೆ ಇಟ್ಟೆ.